ಅವ್ವನ ಹೆಸರಿನ ಹಲ್ಲಿನ ಸೇವೆ

ಆ ದಿನ ಬೆಳಿಗ್ಗೆ ನ್ಯಾಮತಿಯ ಮೇಲೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಎದುರು ಮನೆಯವರು ಹೊಸ್ತಿಲಿಗೆ ಹಚ್ಚಿಟ್ಟ ಕಾರ್ತಿಕದ ದೀಪ ಬರೀ ಒಂದು ಹಳದಿ ಮಚ್ಚೆಯಂತೆ ಕಾಣುತ್ತಿತ್ತು. ಹೊನ್ನಾಳಿ ಬಸ್ಸು ಹಾರನ್ ಹೊಡೆದುಕೊಂಡೇ ಊರೊಳಗೆ ಬಂದು ಹೋಯಿತು, ಸದ್ದಷ್ಟೇ ಕೇಳಿಸಿತು. ಸುಚಿತ್ರಾ ಶಾಲನ್ನು ಬಿಗಿಯಾಗಿ ಹೊದ್ದುಕೊಂಡು, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಮಾವ ನಾಗೇಂದ್ರಪ್ಪ, ಗಂಡ ಕಲ್ಲೇಶ್, ಮಗಳು ಅರ್ಪಿತಾ ಸಾಲಾಗಿ ಕೂತು ತಿಂಡಿ ತಿನ್ನುತ್ತಿದ್ದರು. ಸುಚಿತ್ರಾಳ ಜಾಗದಲ್ಲಿ ಮಣೆ ಇರಲಿಲ್ಲ. ಹಿತ್ತಲ ಬಾಗಿಲ ಪಕ್ಕದಲ್ಲಿ, ಪೊರಕೆ ಇಡುವ ಮೂಲೆಯಿಂದ ಸ್ವಲ್ಪ ಈಚೆಗೆ, ಹೊಸದೊಂದು ತಟ್ಟೆಯಲ್ಲಿ ಇಡ್ಲಿ ಇಟ್ಟಿತ್ತು.

"ಅತ್ತೆ, ಇದೇನಿದು?"

"ತಿಂಡಿ ಕಣವ್ವ. ಆರಿಹೋಗ್ತೈತೆ, ತಿನ್ನು," ಎಂದರು ಭೀಮಕ್ಕ, ಒಲೆಯ ಕಡೆಯಿಂದ ತಿರುಗದೆ.

"ನನ್ನ ತಟ್ಟೆ ಎಲ್ಲಿ?"

"ಇನ್ಮ್ಯಾಲೆ ಇದೇ ನಿನ್ನ ತಟ್ಟೆ. ಲೋಟಾನೂ ಅಲ್ಲೇ ಐತೆ. ತಿಂದ ಮ್ಯಾಲೆ ಹಿತ್ತಲ ನಲ್ಲಿಯಾಗೆ ತೊಳ್ಕಂಡು ಅಲ್ಲೇ ಬೋರಲು ಹಾಕು."

ಹಿಂದಿನ ದಿನವಷ್ಟೇ ಶಿವಮೊಗ್ಗದಿಂದ ರಕ್ತದ ರಿಪೋರ್ಟು ಬಂದಿತ್ತು. ಒಗ್ಗರಣೆಯ ವಾಸನೆಗೇ ವಾಕರಿಕೆ, ಕಣ್ಣೆಲ್ಲ ಹಳದಿ ಎಂದು ತೋರಿಸಿಕೊಳ್ಳಲು ಹೋದವಳಿಗೆ ಅಲ್ಲಿಯ ಡಾಕ್ಟರು ಹೆಪಟೈಟಿಸ್ ಬಿ ಎಂದಿದ್ದರು. ಹೊಸ ಸೋಂಕು, ದೊಡ್ಡವರಲ್ಲಿ ಬಹಳ ಜನಕ್ಕೆ ತಾನಾಗಿಯೇ ಹೋಗುತ್ತದೆ, ಆರು ತಿಂಗಳಾದರೂ ಕಾದು ನೋಡಬೇಕು, ಗಂಡನಿಗೆ ಪರೀಕ್ಷೆ ಮಾಡಿಸಿ ಲಸಿಕೆ ಹಾಕಿಸಬೇಕು ಎಂದು ಹೇಳಿ, "ನೀವೇ ಹಲ್ಲಿನ ಡಾಕ್ಟರು, ನಾನು ಬಿಡಿಸಿ ಹೇಳೋದು ಏನಿದೆ?" ಎಂದು ನಕ್ಕಿದ್ದರು. ಮನೆಗೆ ಬಂದು ಸುಚಿತ್ರಾ ಎಲ್ಲರಿಗೂ ಬಿಡಿಸಿಯೇ ಹೇಳಿದ್ದಳು. ಇದು ರಕ್ತದಿಂದ ಬರುವ ಕಾಯಿಲೆ, ಊಟದಿಂದ ಬರುವುದಿಲ್ಲ, ಮುಟ್ಟಿದರೆ ಬರುವುದಿಲ್ಲ, ಮಗುವಿಗೆ ಹುಟ್ಟಿದಾಗಲೇ ಲಸಿಕೆ ಆಗಿದೆ. ಅಷ್ಟು ಮಾತಿನಲ್ಲಿ ಭೀಮಕ್ಕನ ಕಿವಿಯಲ್ಲಿ ಉಳಿದದ್ದು ಕಾಯಿಲೆ ಎಂಬ ಒಂದೇ ಮಾತು.

"ಅತ್ತೆ, ನಿನ್ನೆ ಹೇಳಿದ್ನಲ್ಲ."

"ಹೇಳ್ದೆ. ನೀನು ಓದ್ದೋಳು, ನಿಂಗೆ ತಿಳೀತೈತೆ. ನಂಗೆ ಮೊಮ್ಮಗಳು ಮುಖ್ಯ."

ಅರ್ಪಿತಾ ಇಡ್ಲಿ ಬಾಯಿಗಿಟ್ಟುಕೊಂಡೇ ಕೇಳಿದಳು, "ಅಜ್ಜಿ, ಅಮ್ಮ ಯಾಕೆ ಅಲ್ಲಿ ಕೂತ್ಕಂತೈತೆ?"

"ಅಮ್ಮಂಗೆ ಕಾಮಾಲೆ. ನೀನು ತಿನ್ನು."

ಕಲ್ಲೇಶ್ ಚಟ್ನಿಯನ್ನು ಬೆರಳಿನಿಂದ ತಟ್ಟೆಯ ಅಂಚಿಗೆ ಎಳೆಯುತ್ತಾ ಕೂತಿದ್ದ. ಸುಚಿತ್ರಾ ಅವನ ಮುಖ ನೋಡಿದಳು. ಅವನು ಎದ್ದು ಕೈ ತೊಳೆದುಕೊಂಡು, "ಅಂಗಡಿಗೆ ಗೊಬ್ಬರದ ಲಾರಿ ಬರ್ತೈತೆ," ಎಂದು ಹೊರಟುಹೋದ.

ಆ ಮನೆಯಲ್ಲಿ ಎರಡು ಹೊತ್ತೂ ರೊಟ್ಟಿ ತಟ್ಟುವ ಕೆಲಸ ಅತ್ತೆ ಸೊಸೆಯರಿಬ್ಬರದು. ಕ್ಲಿನಿಕ್ಕಿಗೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ಸುಚಿತ್ರಾ ಹಿಟ್ಟು ನಾದಿಕೊಡುತ್ತಿದ್ದಳು. ಇನ್ನು ಅದೂ ಬೇಡವೆಂದಾಯಿತು. ಮಗಳ ಹಾಸಿಗೆ ಅಜ್ಜಿಯ ಕೋಣೆಗೆ ಹೋಯಿತು, ತಲೆ ಬಾಚುವುದು, ಸ್ನಾನ ಮಾಡಿಸುವುದು ಅಜ್ಜಿಯದಾಯಿತು. ಕಲ್ಲೇಶ್ ಲಸಿಕೆ ಹಾಕಿಸಿಕೊಂಡು ಬಂದ. ಬಂದವನು ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡ. "ಅವ್ವಂಗೆ ಸಮಾಧಾನ ಆಗ್ಲಿ ಅಂತ ಕಣೇ ಸುಚಿ. ಎರಡು ವಾರ," ಎಂದ. ಎರಡು ವಾರ ಕಳೆದವು. ಚಾಪೆ ಅಲ್ಲೇ ಇತ್ತು.

ಡಾಕ್ಟರು ಸುಸ್ತು ಇಳಿಯುವತನಕ ಕೆಲಸ ಬೇಡ ಎಂದಿದ್ದರಿಂದ ಕ್ಲಿನಿಕ್ಕಿನ ಬಾಗಿಲು ಹಾಕಿತ್ತು. ಅಲ್ಲಿ ಸಹಾಯಕ್ಕಿದ್ದ ಹೇಮಾವತಿ ದಿನಾ ಒಂದು ಸಲ ಬೀಗ ತೆಗೆದು ಕಸ ಗುಡಿಸಿ, ಹೋಗುವ ದಾರಿಯಲ್ಲಿ ಇಣುಕುತ್ತಿದ್ದಳು. ಮೊದಮೊದಲು ಒಳಗೆ ಬಂದು ಕೂರುತ್ತಿದ್ದವಳು ಆಮೇಲೆ ಕಾಂಪೌಂಡಿನ ಗೇಟಿನಿಂದಲೇ ಮಾತಾಡಿಸಿ ಹೋಗತೊಡಗಿದಳು. "ಮೇಡಂ, ದೊಡ್ಡ ಕುಕ್ಕರ್ ಒರೆಸಿಟ್ಟೀನಿ," ಎನ್ನುತ್ತಿದ್ದಳು. ಹಲ್ಲಿನ ಸಾಮಾನುಗಳನ್ನು ಆವಿಯಲ್ಲಿ ಬೇಯಿಸಿ ಸೋಂಕು ಕಳೆಯುವ ಯಂತ್ರಕ್ಕೆ ಮನೆಯವರೆಲ್ಲ ಇಟ್ಟ ಹೆಸರು ಅದು. ಊರಿನಲ್ಲಿ ಸುಚಿತ್ರಾ ಆ ಕುಕ್ಕರಿನಿಂದಲೇ ಹೆಸರುವಾಸಿ. ಒಬ್ಬರಿಗೆ ಮುಟ್ಟಿಸಿದ ಇಕ್ಕಳವನ್ನು ಬೇಯಿಸದೆ ಇನ್ನೊಬ್ಬರ ಬಾಯಿಗೆ ಹಾಕುವುದಿಲ್ಲ, ಅದಕ್ಕೇ ಅಲ್ಲಿ ಹೋದರೆ ಹೊತ್ತಾಗುತ್ತದೆ ಎಂದು ಜನ ಗೊಣಗುತ್ತಿದ್ದರು.

ಅಷ್ಟು ಜಾಗ್ರತೆಯವಳು ಒಂದೇ ಒಂದು ದಿನ ಸಡಿಲಬಿಟ್ಟಿದ್ದಳು. ಅದು ಶ್ರಾವಣದಲ್ಲಿ, ಬಿಳಿಚೋಡಿನಲ್ಲಿ.

ಬಿಳಿಚೋಡು ನಾಗೇಂದ್ರಪ್ಪನವರ ಹುಟ್ಟೂರು. ನ್ಯಾಮತಿಯ ಶಾಲೆಯಲ್ಲಿ ಮೇಷ್ಟ್ರಾಗಿದ್ದು ಇಲ್ಲೇ ನೆಲೆಯಾದರೂ, ಅವರ ತಂಗಿ ಅಂಜಮ್ಮ ಅದೇ ಊರಿನಲ್ಲಿ ಕೊಟ್ಟ ಮನೆಯಲ್ಲಿದ್ದಳು. ಅವರ ಅವ್ವ ಕಡೆಗಾಲದಲ್ಲಿ ಹಲ್ಲುನೋವಿಗೆ ರೊಟ್ಟಿ ಮುರಿದು ತಿನ್ನಲಾರದೆ, ಹಾಲಿನಲ್ಲಿ ನೆನೆಸಿ ನುಂಗಿ ಕಣ್ಣೀರು ಹಾಕಿದ್ದಳು. ಅದು ಮಗನ ಎದೆಯಲ್ಲಿ ಉಳಿದಿತ್ತು. ವರ್ಷದ ಪುಣ್ಯತಿಥಿಗೆ ಊರಿಗೆಲ್ಲ ಊಟ ಹಾಕಿಸಿ, ಮಠದ ಅಂಗಳದಲ್ಲಿ ಹಲ್ಲಿನ ಶಿಬಿರ ಇಟ್ಟರು. ಜೊತೆಗೆ ಹೊನ್ನಾಳಿಯಿಂದ ತಮ್ಮ ಹಳೆಯ ಗೆಳೆಯ, ಹಲ್ಲಿನ ಡಾಕ್ಟರು ಮುರುಗೇಶಪ್ಪನವರನ್ನೂ ಕರೆಸಿದ್ದರು.

ಊಟ ಮುಗಿಸಿದ ಜನ ಎಲೆ ಎತ್ತಿ, ಹಾಗೇ ಸಾಲು ನಿಂತರು. ಸ್ವಲ್ಪ ಹೊತ್ತಿನಲ್ಲೇ ಸುಚಿತ್ರಾ ಬೇಯಿಸಿ ಕಟ್ಟಿ ತಂದಿದ್ದ ಸಾಮಾನಿನ ಪೊಟ್ಟಣಗಳೆಲ್ಲ ಮುಗಿದವು.

"ಮಾವ, ಇವತ್ತಿಗೆ ಇಷ್ಟೇ. ಉಳಿದೋರು ನ್ಯಾಮತಿಗೆ ಬರ್ಲಿ, ಅಲ್ಲೂ ಪುಕ್ಸಟ್ಟೆನೇ ಮಾಡ್ತೀನಿ."

"ಊಟಕ್ಕೆ ಕರ್ದು, ಎಲೆ ಮುಂದೆ ಕೂರ್ಸಿ, ಅನ್ನ ಮುಗೀತು ಏಳ್ರಪ್ಪಾ ಅನ್ನಾಕೆ ಆಗ್ತೈತೇನಮ್ಮ? ಅವ್ವನ ಹೆಸರಿನ ಸೇವೆ ಇದು. ಬಂದೋರನ್ನ ಹಂಗೇ ಕಳ್ಸಬಾರ್ದು."

ಮುರುಗೇಶಪ್ಪ ಆಗಲೇ ಒಂದು ಬೇಸನ್ನಿಗೆ ಘಮ್ಮೆನ್ನುವ ಔಷಧಿ ನೀರು ಹಾಕಿಸಿದ್ದರು. ಒಬ್ಬರ ಹಲ್ಲು ಕಿತ್ತ ಇಕ್ಕಳವನ್ನು ಅದರಲ್ಲಿ ಅದ್ದಿ, ಹತ್ತಿಯಲ್ಲಿ ಒರೆಸಿ, ಮುಂದಿನವರ ಬಾಯಿಗೆ ಹಾಕುತ್ತಿದ್ದರು. "ಬಾರಮ್ಮ, ಇದ್ರಾಗೆ ಅದ್ದಿ ತೆಗೆದ್ರೆ ಸಾಕು. ಇಷ್ಟು ವರ್ಷದಾಗೆ ನನ್ನ ಕೈಯಾಗೆ ಹಲ್ಲು ಕೀಳಿಸ್ಕಂಡು ಯಾರು ಸತ್ತಾರೆ?"

"ಸತ್ತೋರು ಬಂದು ಹೇಳ್ತಾರಾ ಸರ್?" ಎಂದಳು ಸುಚಿತ್ರಾ.

ಸಾಲಿನಲ್ಲಿದ್ದವರೆಲ್ಲ ಹೋ ಎಂದು ನಕ್ಕರು, ಮುರುಗೇಶಪ್ಪನವರೂ ನಕ್ಕರು. ಆ ನಗೆಯ ನಡುವೆ ಮಾವ ಅವಳ ಕಡೆ ಒಂದು ಸಲ ನೋಡಿದರು. ಅವ್ವನನ್ನು ನೆನೆದು ಒದ್ದೆಯಾಗಿದ್ದ ಕಣ್ಣು. ಸುಚಿತ್ರಾ ಬೇಡವೆನ್ನಲಾರದೆ ಬೇಸನ್ನಿಗೆ ಕೈ ಹಾಕಿದಳು. ಹೊತ್ತು ಇಳಿಯುವತನಕ ಅವಳೂ ಹಾಗೇ ಅದ್ದಿ ಅದ್ದಿ ಕಿತ್ತಳು. ಕಡೆಗೆ ಎಲ್ಲ ಮುಗಿದ ಮೇಲೆ, ಕೆಂಪಾಗಿ ಕದಡಿದ ಆ ನೀರಿನ ತಳದಿಂದ ಸಾಮಾನು ಹೆಕ್ಕುವಾಗ ಚೂಪಾದ ಒಂದು ತುದಿ ಗ್ಲೌಸು ದಾಟಿ ಹೆಬ್ಬೆರಳಿಗೆ ಇಳಿಯಿತು. ಬೆರಳನ್ನು ನಲ್ಲಿಯ ಕೆಳಗೆ ಹಿಡಿದಳು, ಸೋಪು ಹಾಕಿ ತೊಳೆದಳು, ಎಲ್ಲರ ಜೊತೆ ಕೂತು ಪಾಯಸ ಉಂಡಳು. ಕಾಲೇಜಿನಲ್ಲಿದ್ದಾಗ ಲಸಿಕೆಯ ಕಡೆಯ ಸುತ್ತು ಹಾಕಿಸಿಕೊಳ್ಳುವ ಹೊತ್ತಿಗೆ ಮದುವೆ ಗೊತ್ತಾಗಿ ಅದು ತಪ್ಪಿಹೋಗಿತ್ತೆಂಬುದು ಅವಳಿಗೆ ನೆನಪಾದದ್ದು ಶಿವಮೊಗ್ಗದ ಡಾಕ್ಟರು ಕೇಳಿದಾಗಲೇ.

ಈಗ ಅವಳಿಗೆ ಬೇಕಾದಷ್ಟು ಹೊತ್ತಿತ್ತು. ಹಿತ್ತಲಲ್ಲಿ ಬಿಸಿಲಿಗೆ ಮೈ ಕಾಯಿಸುತ್ತಾ ಕೂತರೆ ಒಳಗೆ ಮಗಳು ಅಜ್ಜಿಗೆ ಪದ್ಯ ಒಪ್ಪಿಸುವುದು ಕೇಳುತ್ತಿತ್ತು. ಒಮ್ಮೆ ಅರ್ಪಿತಾ ಹಿತ್ತಲ ಬಾಗಿಲಿಗೆ ಬಂದು, ಹೊಸ್ತಿಲಿನ ಒಳಗಡೆಯೇ ನಿಂತು, "ಅಮ್ಮ, ನಂಗೆ ಹಲ್ಲು ಅಲ್ಲಾಡ್ತೈತೆ, ನೋಡು," ಎಂದು ಬಾಯಿ ತೆಗೆದಳು. ಸುಚಿತ್ರಾ ಎದ್ದು ಹತ್ತಿರ ಹೋಗುವಷ್ಟರಲ್ಲಿ ಭೀಮಕ್ಕ ಬಂದು ಮಗುವಿನ ರಟ್ಟೆ ಹಿಡಿದರು.

"ನಾಲ್ಕು ವರ್ಷದ ಕೂಸಿಗೆ ಈಗ್ಲೇ ಯಾವ ಹಲ್ಲು ಅಲ್ಲಾಡ್ತೈತೆ? ಸುಳ್ಳಿ. ನಡಿ ಒಳಗೆ."

"ಇಲ್ಲ ಅಜ್ಜಿ, ಅಮ್ಮ ಮುಟ್ಟಿ ನೋಡಿದ್ರೆ ಅಲ್ಲಾಡ್ತೈತೆ," ಎಂದು ಮಗು ಅಳುತ್ತಾ ಹೋಯಿತು.

ಚನ್ನಗಿರಿ ಕಡೆಯ ಸೂಳೆಕೆರೆಯ ಪಕ್ಕದ ಹಳ್ಳಿಯಲ್ಲಿ ಸುಚಿತ್ರಾಳ ತವರು. ಅಪ್ಪ ಅಮ್ಮ ಇರಲಿಲ್ಲ, ಅಣ್ಣನಿದ್ದ. ಫೋನು ಮಾಡಿದಳು. ಅಣ್ಣ ಕೆರೆಯಲ್ಲಿ ನೀರು ಎಷ್ಟಿದೆ, ಭತ್ತ ಹೇಗಾಯಿತು ಎಂದೆಲ್ಲ ಹೇಳಿ, ಕಡೆಗೆ, "ನಿಮ್ಮತ್ತಿಗೆಗೆ ದಿನ ತುಂಬೈತೆ ಕಣಮ್ಮ. ಬಾಣಂತನ ಮುಗೀಲಿ, ಆಮ್ಯಾಲೆ ಬಾರಮ್ಮ," ಎಂದ. ಕಾಯಿಲೆಯ ಮಾತು ಅವನು ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಫೋನು ಇಟ್ಟ ಮೇಲೆ ಹಿತ್ತಲ ಕಟ್ಟೆಯ ಮೇಲೆ ಒಣಗಲು ಹಾಕಿದ್ದ ಮೆಣಸಿನಕಾಯಿಯನ್ನು ತಿರುವಿ ಹಾಕೋಣವೆಂದು ಕೈ ಚಾಚಿದಳು. ಆಮೇಲೆ ಯಾಕೋ ಕೈ ಹಿಂದಕ್ಕೆ ತೆಗೆದುಕೊಂಡಳು. ಆ ಮೆಣಸಿನಕಾಯಿಯನ್ನು ತಾನು ಮುಟ್ಟಿದರೆ ಏನೂ ಆಗುವುದಿಲ್ಲವೆಂದು ಆ ಮನೆಯಲ್ಲಿ ಬಲ್ಲವಳು ಅವಳೊಬ್ಬಳೇ. ಆದರೂ ಕೈ ಹಿಂದಕ್ಕೆ ಬಂದಿತ್ತು. ಅವತ್ತು ಅವಳು ಶಿವನ ಮುಂದೆ ಕೂತು, ಏನನ್ನೂ ಕೇಳದೆ, ಬಹಳ ಹೊತ್ತು ಅತ್ತಳು.

ಅಳು ಮುಗಿದಾಗ ಬಿಳಿಚೋಡಿನ ಸಾಲು ಕಣ್ಣ ಮುಂದೆ ನಿಂತಿತು. ಅವರಲ್ಲಿ ಎಷ್ಟೋ ಜನರ ಬಾಯಿಗೆ ಹೋದದ್ದೂ ಅದೇ ಬೇಸನ್ನಿನ ಸಾಮಾನು.

ರಾತ್ರಿ ಊಟದ ಹೊತ್ತಿಗೆ ಹಿತ್ತಲ ಬಾಗಿಲ ಪಕ್ಕದಿಂದಲೇ ಹೇಳಿದಳು, "ಮಾವ, ಅವತ್ತು ಹಲ್ಲು ಕೀಳಿಸ್ಕೊಂಡೋರಿಗೆಲ್ಲ ರಕ್ತ ಪರೀಕ್ಷೆ ಆಗ್ಬೇಕು."

ನಾಗೇಂದ್ರಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಯಾಕಮ್ಮ?"

"ನಂಗೆ ಚುಚ್ಚಿದ್ದು ಅಲ್ಲೇ. ನಂಗೆ ಬಂದಿದ್ರೆ ಅವ್ರಲ್ಲೂ ಯಾರಿಗಾದ್ರೂ ಬಂದಿರಬಹುದು."

"ನಿನ್ನ ಕ್ಲಿನಿಕ್ಕಿನಾಗೇ ಬಂದಿದ್ರೆ?"

"ಇರಬಹುದು. ನಂಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತಲೇ ಪರೀಕ್ಷೆ."

"ಊರಾಗೆ ಏನಂತಾರೆ? ಅವ್ವನ ತಿಥಿಗೆ ಕರ್ದು, ಅನ್ನದ ಜೊತೆ ರೋಗಾನೂ ಬಡಿಸಿ ಕಳಿಸ್ದ ಮೇಷ್ಟ್ರು ಅಂತಾರೆ. ಸತ್ತೋಳ ಹೆಸರು ತಗೋತಾರೆ. ನೀನೇ ಹೇಳ್ತೀಯಲ್ಲ, ಇದು ಹಂಗೆಲ್ಲ ಸುಮ್ಮಸುಮ್ಮನೆ ಅಂಟಲ್ಲ ಅಂತ?"

"ಬಿಳಿಚೋಡಿಗೆ ಅಂಟಲ್ಲ, ನನ್ನ ತಟ್ಟೆಯಿಂದ ಮಾತ್ರ ಅಂಟುತ್ತಾ ಮಾವ?"

ಒಲೆಯ ಮೇಲೆ ರೊಟ್ಟಿಯೊಂದು ಸೀದ ವಾಸನೆ ಬಂತು.

"ಹಿರೇರಿಗೆ ಎದುರು ಮಾತಾಡ್ಬ್ಯಾಡ," ಎಂದರು ಭೀಮಕ್ಕ.

"ಕಲ್ಲೇಶ್, ನೀವಾದ್ರೂ ಹೇಳ್ರಿ."

"ಈಗ ಬ್ಯಾಡ ಬಿಡೇ, ಊಟದ ಹೊತ್ತು," ಎಂದ ಕಲ್ಲೇಶ್.

"ಊಟದ ಹೊತ್ತಿಗೇ ಅಲ್ವಾ ನನ್ನನ್ನ ಇಲ್ಲಿ ಕೂರಿಸಿರೋದು?"

ನಾಗೇಂದ್ರಪ್ಪ ಅರ್ಧ ಊಟಕ್ಕೇ ಎದ್ದರು. ಕೈ ತೊಳೆದು, ವಿಭೂತಿ ಹಚ್ಚಿಕೊಂಡು, ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನ ಸುಚಿತ್ರಾ ಮುರುಗೇಶಪ್ಪನವರಿಗೆ ಫೋನು ಮಾಡಿದಳು. ಆ ಕಡೆ ರೇಗಾಟವೇ. "ನಿಂಗೆಲ್ಲೋ ಬಂತು ಅಂತ ನನ್ನ ಬೇಸನ್ನಿನ ಮ್ಯಾಲೆ ಹಾಕ್ತೀಯೇನಮ್ಮ? ನೀನು ಹುಟ್ಟೋ ಮುಂಚೆ ನಾನು ಹಲ್ಲು ಕಿತ್ತೀನಿ."

"ಬೇಸನ್ನಿನಾಗೆ ನಾನೂ ಅದ್ದಿದೀನಿ ಸರ್. ತಪ್ಪು ನಂದೂ ಐತೆ. ನಂಗೆ ಗೊತ್ತಿದ್ದೂ ಅದ್ದಿದೆ."

ಆಮೇಲೆ ಅವರ ದನಿ ತಗ್ಗಿತು. "ಆ ಲಸಿಕೆ... ನಮ್ಮ ವಯಸ್ಸಿನೋರಿಗೂ ಹಾಕ್ತಾರಾ? ನಾನು ಹಾಕಿಸ್ಕಂಡೇ ಇಲ್ಲಮ್ಮ."

"ಮೊದ್ಲು ಪರೀಕ್ಷೆ ಮಾಡಿಸ್ಕೊಳ್ರಿ ಸರ್. ಆಮೇಲೆ ಲಸಿಕೆ. ಮತ್ತೆ ಕುಕ್ಕರ್ ಒಂದು ತಗೊಳ್ರಿ."

"ಕುಕ್ಕರಾ?"

"ಆಟೋಕ್ಲೇವ್ ಸರ್," ಎಂದಳು. ಎಷ್ಟೋ ದಿನಕ್ಕೆ ಅವಳಿಗೆ ನಗು ಬಂತು. ಹೇಳಿಕೊಂಡು ನಗಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಅದೇ ದಿನ ಬಿಳಿಚೋಡಿನ ಸರ್ಕಾರಿ ಆಸ್ಪತ್ರೆಯ ಡಾಕ್ಟರಿಗೂ ಎಲ್ಲವನ್ನೂ ಹೇಳಿದಳು. ಅವರು ಬೈಯಲಿಲ್ಲ, ಹೊಗಳಲೂ ಇಲ್ಲ. ಮುಂದಿನ ವಾರ ಒಂದು ದಿನ ಪರೀಕ್ಷೆ ಇಡುತ್ತೇನೆ ಎಂದರು. ಪರೀಕ್ಷೆಯ ದಿನ ಸಾಯಂಕಾಲ ಅವರೇ ಫೋನು ಮಾಡಿ, "ಜನಾನೇ ಬರಲಿಲ್ಲ ಮೇಡಂ. ನಾಲ್ಕಾರು ಗಂಡಸರು ಬಂದ್ರು ಅಷ್ಟೇ, ಹೆಂಗಸರು ಬಾಗಿಲೇ ತೆಗೀಲಿಲ್ಲ. ಇನ್ನೊಂದು ದಿನ ನೋಡೋಣ," ಎಂದರು.

ಮನೆಯಲ್ಲಿ ಮಾವ ಮಾತು ಬಿಟ್ಟರು. ಬೆಳಿಗ್ಗೆ ಪೂಜೆ, ಪೇಪರು, ಊಟ, ಗುಡಿ. ಸೊಸೆ ಎದುರು ಬಂದರೆ ಕಣ್ಣು ನೆಲಕ್ಕೆ. ಭೀಮಕ್ಕ ತಟ್ಟೆಗೆ ಬಡಿಸುವುದನ್ನು ತಪ್ಪಿಸಲಿಲ್ಲ. ಎಣ್ಣೆಯಿಲ್ಲದ ಪಲ್ಯವನ್ನು ಸೊಸೆಗೆಂದೇ ಬೇರೆ ಮಾಡುತ್ತಿದ್ದರು, ಕಾಮಾಲೆಗೆ ಒಳ್ಳೆಯದೆಂದು ನೆಲನೆಲ್ಲಿ ಸೊಪ್ಪು ಅರೆದು ಮಜ್ಜಿಗೆಯಲ್ಲಿ ಕದಡಿ ಇಡುತ್ತಿದ್ದರು. ಆದರೆ ಲೋಟವನ್ನು ಕೈಗೆ ಕೊಡದೆ ನೆಲಕ್ಕಿಟ್ಟು ಸರಿಸುತ್ತಿದ್ದರು. ಸುಚಿತ್ರಾ ಕುಡಿಯುತ್ತಿದ್ದಳು. ಅಷ್ಟು ಅಕ್ಕರೆಯಿಂದ ಅರೆದವರು ಇಷ್ಟು ದೂರದಿಂದ ಸರಿಸುವುದನ್ನು ಅವಳಿಗೆ ಯಾವ ಕಡೆಯಿಂದ ಹಿಡಿದು ಯೋಚಿಸಬೇಕೋ ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಭೀಮಕ್ಕನ ಫೋನು ಬಡಿಯಿತು. ಬಿಳಿಚೋಡಿನಿಂದ ನಾದಿನಿ ಅಂಜಮ್ಮ. ಅವಳ ದನಿ ಫೋನಿನಾಚೆಗೂ ಕೇಳುವಂಥದ್ದು.

"ಅತ್ತಿಗೆ, ಇಲ್ಲಿ ಮನೆಮನೆಗೂ ಗುಲ್ಲೆದ್ದೈತೆ. ಅಣ್ಣನ ಶಿಬಿರದಾಗೆ ರೋಗ ಬಂತಂತೆ. ನಾನೂ ದವಡೆ ಹಲ್ಲು ಕೀಳಿಸ್ಕಂಡಿದ್ನಲ್ಲ. ನನ್ನ ಸೊಸೆ ಆಗ್ಲೇ ನನ್ನ ಮಕ ಒಂಥರಾ ನೋಡ್ತಾಳೆ."

"ಪರೀಕ್ಷೆಗೆ ಹೋಗಿದ್ಯಾ?"

"ನಮ್ಮೋರೇ ಯಾರೂ ಬರ್ದಿದ್ರೆ ನಾನೊಬ್ಳು ಹೆಂಗೆ ಹೋಗ್ಲಿ? ಅಣ್ಣ ಎಲ್ಲಿ? ಊಟಕ್ಕೆ ಕರ್ಯಾಕೆ ಬಂದಿದ್ದೋನು ಇದಕ್ಕೆ ಯಾಕೆ ಬರಲ್ಲ?"

ಭೀಮಕ್ಕ ಫೋನನ್ನು ಎದೆಗೆ ಒತ್ತಿಕೊಂಡೇ ಪಡಸಾಲೆಗೆ ಹೋಗಿ ಗಂಡನ ಕೈಯಿಂದ ಪೇಪರು ಕಿತ್ತುಕೊಂಡರು. "ಏಳ್ರಿ. ನಿಮ್ಮ ತಂಗಿ ಅಳ್ತಾ ಐತೆ. ಬಿಳಿಚೋಡಿಗೆ ಹೋಗ್ಬೇಕು."

"ಯಾವ ಮಕ ಇಟ್ಕಂಡು ಹೋಗ್ಲಿ?"

"ಇರೋ ಮಕನೇ ಇಟ್ಕಂಡು ಬರ್ರಿ. ಬೇರೆ ಮಕ ಎಲ್ಲಿಂದ ತರ್ತೀರಿ?"

ಮುಂದಿನ ಪರೀಕ್ಷೆಯ ದಿನ ಕಲ್ಲೇಶ್ ಅಂಗಡಿ ಮುಚ್ಚಿ ಎಲ್ಲರನ್ನೂ ಕಾರಿನಲ್ಲಿ ಕರೆದುಕೊಂಡು ಹೊರಟ. ಮುಂದೆ ಮಾವ, ಹಿಂದೆ ಒಂದು ಕಿಟಕಿಗೆ ಭೀಮಕ್ಕ, ಇನ್ನೊಂದಕ್ಕೆ ಸುಚಿತ್ರಾ. ಅರ್ಪಿತಾ ಅಜ್ಜಿಯ ತೊಡೆಯ ಮೇಲೆ. ನಡುವೆ ಊಟದ ಬುತ್ತಿ ಇಟ್ಟಿತ್ತು. ಹೊನ್ನಾಳಿ ದಾಟಿ, ದಾವಣಗೆರೆ ದಾಟಿ, ಹಸಿರು ತೆಳುವಾಗುತ್ತಾ ಕುರಿ ಹಿಂಡುಗಳು ಕಾಣತೊಡಗುವವರೆಗೂ ಮಗು ಅಮ್ಮನ ಕಡೆ ನೋಡುವುದು, ಅಜ್ಜಿಯ ಸೆರಗು ಎಳೆಯುವುದು ಮಾಡುತ್ತಿತ್ತು.

ಬಿಳಿಚೋಡಿನಲ್ಲಿ ನಾಗೇಂದ್ರಪ್ಪ ಕಾರಿನಿಂದ ಇಳಿದು, ಚಪ್ಪಲಿ ಕಾರಿನಲ್ಲೇ ಬಿಟ್ಟು, ಬರಿಗಾಲಿನಲ್ಲಿ ಮೊದಲ ಓಣಿಗೆ ಹೋದರು. ಶ್ರಾವಣದಲ್ಲಿ ಊಟಕ್ಕೆ ಕರೆಯಲು ಹೋದದ್ದೂ ಹಾಗೇ ಬರಿಗಾಲಿನಲ್ಲಿ. ಒಂದೊಂದು ಬಾಗಿಲಲ್ಲೂ ನಿಂತು ಕೈ ಮುಗಿದರು.

"ಉಚ್ಚಂಗೆಪ್ಪ, ಅವತ್ತು ನಾನೇ ಕರ್ದಿದ್ದು. ಇವತ್ತೂ ನಾನೇ ಕರೀತಾ ಇದೀನಿ. ಆಸ್ಪತ್ರೆ ತಂಕ ಬಾರಪ್ಪ."

"ರೋಗ ಐತಂತಾ ಮೇಷ್ಟ್ರೆ?"

"ಐತೋ ಇಲ್ವೋ ನೋಡಾಕೇ ಬಾ. ಅವತ್ತು ಸಾಮಾನು ಸರಿಯಾಗಿ ಬೇಯಿಸ್ಲಿಲ್ಲ. ನನ್ನ ಸೊಸೆ ಬ್ಯಾಡ ಅಂದಿತ್ತು. ನಾನೇ ಕೇಳ್ಲಿಲ್ಲ."

ಓಣಿಯ ತುದಿಯಲ್ಲಿ ನಿಂತಿದ್ದ ಸುಚಿತ್ರಾಳಿಗೆ ಅದು ಕೇಳಿಸಿತು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡಳು.

ಜನ ಬಂದರು. ಗೊಣಗುತ್ತಾ, ಬೈಯುತ್ತಾ, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದರು. ಆಸ್ಪತ್ರೆಯ ಜಗುಲಿ ತುಂಬಿತು. ನರ್ಸು ಬೆರಳು ಚುಚ್ಚಿ ಹನಿ ರಕ್ತ ತೆಗೆಯುತ್ತಿದ್ದಳು. ಪ್ರತಿಯೊಬ್ಬರಿಗೂ ಹೊಸ ಸೂಜಿ, ಹೊಸ ಗ್ಲೌಸು. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರನ್ನೇ ಒಳಗೆ ಕರೆದು ಡಾಕ್ಟರು ಹೇಳುತ್ತಿದ್ದರು. ಏನಿಲ್ಲ, ಏನಿಲ್ಲ ಎಂದು ಹಗುರಾಗಿ ಹೊರಗೆ ಬಂದವರು ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. ಒಬ್ಬನಂತೂ, "ಮೇಷ್ಟ್ರೆ, ಹಂಗಾರೆ ಮುಂದಿನ ಶ್ರಾವಣಕ್ಕೆ ಊಟ ಮಾತ್ರ ಹಾಕಿಸ್ರಿ, ಹಲ್ಲು ನಮ್ಮ ಹತ್ರನೇ ಇರ್ಲಿ," ಎಂದು ಎಲ್ಲರನ್ನೂ ನಗಿಸಿದ.

ಅಂಜಮ್ಮ ಒಳಗೆ ಹೋದವಳು ಬೇಗ ಬರಲಿಲ್ಲ. ಬಂದಾಗ ಅವಳ ತುಟಿ ಒಣಗಿತ್ತು. ಜಗುಲಿಯ ಕಂಬ ಹಿಡಿದು ಕೂತಳು.

"ನಂಗೈತಂತೆ. ದಾವಣಗೆರೆಗೆ ಹೋಗಿ ಇನ್ನೊಂದು ಸಲ ನೋಡಿಸ್ಬೇಕಂತೆ."

ಮಾತು ಮುಗಿಯುವ ಮೊದಲೇ ಅವಳ ಪಕ್ಕದಲ್ಲಿದ್ದ ಇಬ್ಬರು ಹೆಂಗಸರು ಸೀರೆ ಒತ್ತರಿಸಿಕೊಂಡು ಆಚೆ ಸರಿದರು. ಅವಳ ಸೊಸೆ ಗೋಡೆಗೆ ಅಂಟಿ ನಿಂತಿದ್ದಳು. ಸುಚಿತ್ರಾ ಎದ್ದು ಹೋಗಿ ಖಾಲಿಯಾದ ಜಾಗದಲ್ಲಿ, ಅಂಜಮ್ಮನ ಭುಜಕ್ಕೆ ಭುಜ ತಾಗುವಂತೆ ಕೂತಳು.

"ಅತ್ತೆಮ್ಮ, ಇದು ಊಟದಾಗೆ ಬರಲ್ಲ. ಮುಟ್ಟಿದ್ರೆ ಬರಲ್ಲ. ಮನೆಯೋರಿಗೆ ಲಸಿಕೆ ಹಾಕ್ಸಿದ್ರೆ ಆಯ್ತು. ಎಲ್ರೂ ಜೊತೆಗೇ ಉಣ್ರಿ."

ಅಂಜಮ್ಮ ಅವಳ ಮಾತು ಕೇಳಿಸಿಕೊಳ್ಳಲಿಲ್ಲ. ಎದುರಿಗೆ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಭೀಮಕ್ಕನನ್ನೇ ನೋಡುತ್ತಿದ್ದಳು.

"ಅತ್ತಿಗೆ, ಈ ಹುಡುಗಿ ಡಾಕ್ಟರು, ಹೇಳ್ತಾಳೆ. ನೀನು ಹೇಳು. ನಿನ್ನ ಮನೇಲಿ ಇದೇ ರೋಗ ಐತಲ್ಲ, ನೀನು ಹೆಂಗೆ ಇಟ್ಕಂಡೀಯ? ನೀನು ಹೆಂಗೆ ಮಾಡ್ತೀಯೋ ನನ್ನ ಸೊಸೆಗೂ ಹಂಗೇ ಮಾಡು ಅಂತ ಹೇಳು. ನಾನು ಅಡ್ಡ ಬರಲ್ಲ. ಕೊಟ್ಟಿಗೇಲಿ ಇಡು ಅಂದ್ರೂ ಇರ್ತೀನಿ."

ಜಗುಲಿಯ ಮೇಲಿದ್ದವರೆಲ್ಲ ಭೀಮಕ್ಕನ ಕಡೆ ತಿರುಗಿದರು. ಅಂಜಮ್ಮನ ಸೊಸೆಯೂ ತಿರುಗಿದಳು. ಸುಚಿತ್ರಾ ತಲೆ ತಗ್ಗಿಸಿದಳು. ಅತ್ತೆ ಈಗ ಸುಳ್ಳು ಹೇಳಿದರೆ ಸಹಿಸಬಹುದು, ನಿಜ ಹೇಳಿದರೆ ಅಂಜಮ್ಮನ ಗತಿಯೇನು ಎಂಬ ದಿಗಿಲು ಅವಳಿಗೆ.

ಭೀಮಕ್ಕ ಎರಡನ್ನೂ ಹೇಳಲಿಲ್ಲ. ತೊಡೆಯ ಮೇಲಿದ್ದ ಕೂಸಿನ ಲಂಗ ಸರಿಮಾಡಿದರು, ಹಣೆಯ ಮೇಲಿನ ಕೂದಲು ಹಿಂದಕ್ಕೆ ನೀವಿದರು. ಮಂಡಿಗೆ ಕೈ ಊರಿ, ಶಿವಾ ಎಂದು ಎದ್ದು, ಮಗುವನ್ನು ಎತ್ತಿಕೊಂಡು ಜಗುಲಿ ದಾಟಿ ಬಂದು, ಸುಚಿತ್ರಾಳ ಮಡಿಲಲ್ಲಿ ಕೂರಿಸಿದರು.